ಎತ್ತಿಗೆ ಜ್ವರ, ಡ್ರಮ್ಮಿಗೆ ಬರೆ

ಒಂದು ಭಾನುವಾರ ಬೆಳಿಗ್ಗೆ ನಂದಿ ಬೆಟ್ಟ ಇಳೀತಾ ಇದ್ದೆ. ಪಕ್ಕದಲ್ಲಿ ಅಪ್ಪ, ಹಿಂದಿನ ಸೀಟಲ್ಲಿ ಹೆಂಡತಿ, ಮಗಳು. ಗಾಡಿ ನನ್ನ 1969ರ ಅಂಬಾಸಿಡರ್ ಮಾರ್ಕ್ ಟೂ. ತಿರುವು ಹತ್ತಿರ ಬಂತು ಅಂತ ಬ್ರೇಕ್ ಒತ್ತಿದೆ. ಸ್ಟೀರಿಂಗು ಕೈಯಲ್ಲಿ ಜಾತ್ರೆ ತಮಟೆ ಥರ ಅದುರೋಕೆ ಶುರುವಾಯ್ತು. ಡ್ಯಾಶ್‌ಬೋರ್ಡು, ಕನ್ನಡಿ, ನನ್ನ ಹಲ್ಲು, ಎಲ್ಲ ಗಡಗಡ. ಆಮೇಲೆ ನಾನು ಮಾಡಿದ ಕೆಲಸ ಹೇಳ್ಕೊಳ್ಳೋಕೆ ಈಗಲೂ ನಾಚಿಕೆ. ಬ್ರೇಕ್ ಮೇಲಿಂದ ಕಾಲು ಎತ್ತಿಬಿಟ್ಟೆ.

ಯೋಚನೆ ಮಾಡಿ ಎತ್ತಿದ್ದಲ್ಲ. ಬಿಸಿ ಪಾತ್ರೆ ಮುಟ್ಟಿದ ಕೈ ತಾನೇ ಹಿಂದೆ ಬರುತ್ತಲ್ಲ, ಹಾಗೆ. ಅದುರು ನಿಂತಿತು, ಗಾಡಿ ಮುಂದಕ್ಕೆ ಹಾರಿತು. ಮತ್ತೆ ಎರಡೂ ಕಾಲು ಸೇರಿಸಿ ಒತ್ತಿದಾಗ ನಿಂತಿದ್ದು ತಡೆಗೋಡೆಯಿಂದ ಒಂದು ಮಾರು ದೂರದಲ್ಲಿ. ಯಾರಿಗೂ ಏನೂ ಆಗಲಿಲ್ಲ. ಮಗಳು ಇನ್ನೊಂದ್ಸಲ ಅಂದಳು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, “ಬ್ರೇಕು ಯಾಕೋ ಬಿಟ್ಟೆ?” ಅಂದರು.

ಉತ್ತರ ಇರಲಿಲ್ಲ. ಯಾಕಂದ್ರೆ ಆ ಅದುರಿನ ಬಗ್ಗೆ ನನಗೆ ಒಂದು ವರ್ಷದಿಂದ ಗೊತ್ತಿತ್ತು. ಅಷ್ಟೇ ಅಲ್ಲ, ಅದಕ್ಕೆ ಮೂರು ಸಲ ದುಡ್ಡೂ ಕೊಟ್ಟಿದ್ದೆ.

ಈ ಗಾಡಿಯ ಪೂರ್ವಾಪರ ಎರಡು ಮಾತಲ್ಲಿ ಹೇಳಿಬಿಡ್ತೀನಿ. ನಮ್ಮೂರಲ್ಲಿ ನಾನು ಚಿಕ್ಕವನಿದ್ದಾಗ ಇದ್ದಿದ್ದು ಒಂದೇ ಬಾಡಿಗೆ ಕಾರು, ಇದೇ. ಹೆರಿಗೆ ನೋವು ಬಂದವರನ್ನ ತಾಲ್ಲೂಕು ಆಸ್ಪತ್ರೆಗೆ ಕರ್ಕೊಂಡು ಹೋಗೋದೂ ಇದೇ, ಮದುಮಗನ್ನ ಕರ್ಕೊಂಡು ಬರೋದೂ ಇದೇ, ಆಸ್ಪತ್ರೆಯಿಂದ ಹೆಣ ತರೋದೂ ಇದೇ. ನನ್ನನ್ನ ಹೊಟ್ಟೇಲಿಟ್ಕೊಂಡು ಅಮ್ಮ ಹೋಗಿದ್ದೂ ಇದರಲ್ಲೇ. ಓಡಿಸ್ತಿದ್ದ ಯಜಮಾನರು ತೀರ್ಕೊಂಡ ಮೇಲೆ ಹತ್ತು ವರ್ಷ ಹುಲ್ಲಿನ ಬಣವೆ ಪಕ್ಕ ಕೋಳಿಗೂಡಾಗಿತ್ತು. ಬಿ.ಇ. ಮುಗಿಸಿ, ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ ಹಿಡಿದು, ಕೈಯಲ್ಲಿ ನಾಲ್ಕು ಕಾಸು ಸೇರಿದ ಮೇಲೆ ಲಾರಿ ಮೇಲೆ ಹಾಕ್ಕೊಂಡು ಬಂದೆ. ಅಮ್ಮನ್ನ ಕ್ಷೇಮವಾಗಿ ಆಸ್ಪತ್ರೆಗೆ ಮುಟ್ಟಿಸಿದ ಗಾಡಿ, ನನ್ನ ಕೈಗೆ ಬಂದ ಮೇಲೆ ನನ್ನ ಮಗಳನ್ನ ಗೋಡೆಗೆ ಗುದ್ದಿಸೋದ್ರಲ್ಲಿತ್ತು. ತಪ್ಪು ಗಾಡಿದಲ್ಲ. ಯಾರದು ಅಂತ ಹೇಳೋದಕ್ಕೇ ಈ ಬರಹ.

ಮೊದಲ ಸಲ ಅದುರು ಬಂದಾಗ ಗ್ಯಾರೇಜಿಗೆ ಕೊಟ್ಟೆ. ಐದು ನಿಮಿಷ ಓಡಿಸಿ ನೋಡಿ, “ಡ್ರಮ್ ಓವಲ್ ಆಗಿದೆ ಸಾರ್, ಟರ್ನಿಂಗ್ ಮಾಡಿಸಿ ಹೊಸ ಲೈನಿಂಗ್ ಹಾಕಿಬಿಡೋಣ” ಅಂದ್ರು. ಟರ್ನಿಂಗ್ ಅಂದ್ರೆ ಗೊತ್ತಲ್ಲ, ಡ್ರಮ್ಮನ್ನ ಲೇತ್ ಮೆಷಿನ್ನಿಗೆ ಕಟ್ಟಿ ಒಳಗಡೆ ತೆಳ್ಳಗೆ ಕೆತ್ತೋದು. ಮಾಡಿಸಿದೆ. ಎರಡು ವಾರ ಬೆಣ್ಣೆ. ಮೂರನೇ ವಾರ ಮತ್ತೆ ತಮಟೆ. ಎರಡನೇ ಗ್ಯಾರೇಜು. “ಮೊದಲು ಮಾಡಿದೋರು ಸರಿಯಾಗಿ ಮಾಡಿಲ್ಲ ಸಾರ್.” ಮತ್ತೆ ಟರ್ನಿಂಗ್. ಮೂರನೆಯವರು ಟರ್ನಿಂಗ್ ಜೊತೆಗೆ ವೀಲ್ ಸಿಲಿಂಡರ್ರೂ ಬದಲಾಯಿಸಿದ್ರು. ಪ್ರತಿ ಸಲವೂ ಬಿಲ್ಲು, ಪ್ರತಿ ಸಲವೂ ಎರಡು ವಾರದ ಸುಖ.

ಈ ಮೂರೂ ಸಲದಲ್ಲಿ ಯಾರೂ ಏನನ್ನೂ ಅಳೆದಿರಲಿಲ್ಲ. ನಾನೂ ಅಳೀರಿ ಅಂತ ಕೇಳಿರಲಿಲ್ಲ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ. ನಾವು ಎತ್ತಿಗೆ ಜ್ವರ ಇದೆಯೋ ಇಲ್ವೋ ಅಂತ ಮೈ ಮುಟ್ಟಿ ಕೂಡ ನೋಡದೆ, ವರ್ಷದಲ್ಲಿ ಮೂರು ಸಲ ಎಮ್ಮೆಗೆ ಬರೆ ಹಾಕಿಸಿದ್ವಿ.

ಬರೆ ಅಂತ ಸುಮ್ನೆ ಹೇಳ್ತಿಲ್ಲ. ಡ್ರಮ್ಮು ಎರಕದ ಕಬ್ಬಿಣ. ಕೆತ್ತಿದ್ದು ವಾಪಸ್ ಬರಲ್ಲ. ಎಷ್ಟೋ ಕಾರುಗಳಿಗೆ ತಯಾರಕರು ಕೊಡೋ ಮಿತಿ, ಮೂಲ ವ್ಯಾಸಕ್ಕಿಂತ ಒಂದೂವರೆ ಮಿಲಿಮೀಟರ್ ಆಸುಪಾಸು. ಅದು ದಾಟಿದ್ರೆ ಡ್ರಮ್ಮು ತೆಳ್ಳಗಾಗಿ ಬೇಗ ಕಾಯುತ್ತೆ, ಬಿಸಿಗೆ ಆಕಾರ ಕೆಡುತ್ತೆ, ಇನ್ನೂ ಹೆಚ್ಚು ಅದುರುತ್ತೆ. ಅಂದ್ರೆ ರೋಗಕ್ಕೆ ಕೊಟ್ಟ ಮದ್ದೇ ಮುಂದಿನ ರೋಗ. ನನ್ನ ಡ್ರಮ್ಮು ಮೂರು ಟರ್ನಿಂಗಿಗೆ ಒಂದು ಮಿಲಿಮೀಟರ್ ದಾಟಿ ಬೆಳೆದಿತ್ತು. ಅಂಬಾಸಿಡರ್ ಉತ್ಪಾದನೆ ನಿಂತಿದ್ದು 2014ರಲ್ಲಿ. ಒಳ್ಳೇ ಹಳೇ ಡ್ರಮ್ಮು ಸಿಕ್ಕೋದು ವರ್ಷದಿಂದ ವರ್ಷಕ್ಕೆ ಕಷ್ಟ. ನಾವು ಕೆತ್ತಿ ಬಿಸಾಕ್ತಿರೋದು ಮತ್ತೆ ಯಾರೂ ಎರಕ ಹೊಯ್ಯದ ಕಬ್ಬಿಣ.

ನಂದಿಯಿಂದ ಬಂದ ಮೇಲೆ ಒಂದು ವಾರ ಗಾಡಿ ಮುಟ್ಟಲಿಲ್ಲ. ಆಮೇಲೆ ಎರಡೂ ಮುಂದಿನ ಡ್ರಮ್ ನಾನೇ ಬಿಚ್ಚಿ, ಚೀಲದಲ್ಲಿ ಹಾಕ್ಕೊಂಡು, ಹಳೇ ಕಾಲದ ಒಂದು ಲೇತ್ ಶೆಡ್ಡಿಗೆ ಹೋದೆ. ಯಜಮಾನರಿಗೆ ಎಪ್ಪತ್ತು ದಾಟಿರಬೇಕು. ಡ್ರಮ್ಮು ತಿರುಗಿಸಿ ತಿರುಗಿಸಿ ನೋಡಿ ಕೇಳಿದ್ರು: “ಡ್ರಮ್ ತಂದಿದೀರಿ. ಹಬ್ ಎಲ್ಲಿ?”

ಒಂದು ವರ್ಷದಲ್ಲಿ ನಾನು ಕೇಳಿಸ್ಕೊಂಡ ಮೊದಲ ಪ್ರಶ್ನೆ ಅದು. ಅದುವರೆಗೆ ಕೇಳಿದ್ದೆಲ್ಲ ಉತ್ತರಗಳೇ.

ಅವರು ಡ್ರಮ್ಮನ್ನ ಲೇತಿಗೆ ಕಟ್ಟಿ, ಡಯಲ್ ಗೇಜ್ ಹಿಡಿದು, ಕೈಯಲ್ಲೇ ಮೆಲ್ಲಗೆ ಒಂದು ಸುತ್ತು ತಿರುಗಿಸಿ ತೋರಿಸಿದ್ರು. ಮುಳ್ಳು ಹೆಚ್ಚುಕಮ್ಮಿ ಅಲ್ಲಾಡಲೇ ಇಲ್ಲ. 0.05 ಮಿಲಿಮೀಟರ್. “ಇದು ದುಂಡಗೇ ಇದೆಯಲ್ಲ ಸಾರ್, ಏನು ಕೆತ್ತಲಿ? ಮನೆಗೆ ಹೋಗಿ ಹಬ್ ಮೇಲೆ ಕೂರಿಸಿ ಅಳೀರಿ.” ಕೆಲಸ ಮಾಡೋಕೆ ಒಪ್ಪಲಿಲ್ಲ. ಎಷ್ಟಾಯ್ತು ಅಂತ ಕೇಳಿದೆ. “ಏನೂ ಕೆಲಸ ಮಾಡಿಲ್ವಲ್ಲ ಸಾರ್, ಬರೀ ನೋಡಿದೆ ಅಷ್ಟೇ” ಅಂದ್ರು.

ಬರೀ ನೋಡಿದೆ ಅಷ್ಟೇ. ಈ ಮಾತು ನನಗೆ ನಂದಿ ಬೆಟ್ಟದ ತಿರುವಿಗಿಂತ ಜೋರಾಗಿ ಹೊಡೀತು. ಮೂರು ಜನ ನೋಡದೇ ಇದ್ದಿದ್ದಕ್ಕೆ ನಾನು ಬಿಲ್ ಕಟ್ಟಿದ್ದೆ. ನೋಡಿದ ಒಬ್ಬರು ದುಡ್ಡು ಬೇಡ ಅಂತಿದ್ರು.

ಬ್ರೇಕ್ ಅದುರು, ಇಂಗ್ಲಿಷಿನವರು ಜಡ್ಡರ್ ಅಂತಾರಲ್ಲ, ಅದು ಏನು ಅಂತ ಸ್ವಲ್ಪ ಹೇಳ್ತೀನಿ. ಇದು ರಾಕೆಟ್ ವಿಜ್ಞಾನ ಅಲ್ಲ, ಹತ್ತನೇ ಕ್ಲಾಸ್ ಭೌತಶಾಸ್ತ್ರ. ಚಕ್ರ ಒಂದು ಸುತ್ತು ತಿರುಗೋವಾಗ ಬ್ರೇಕಿನ ಹಿಡಿತ ಒಂದೇ ಸಮ ಇರದೆ ಒಮ್ಮೆ ಹೆಚ್ಚು ಒಮ್ಮೆ ಕಮ್ಮಿ ಆದ್ರೆ ಗಾಡಿ ಎಳೆದು ಬಿಟ್ಟು ಎಳೆದು ಬಿಟ್ಟು ಹೋಗುತ್ತೆ. ಅದೇ ಅದುರು. ಹಳೇ ಡ್ರಮ್ ಬ್ರೇಕಿನಲ್ಲಿ ಇದು ಜಾಸ್ತಿ ಕಾಡೋದಕ್ಕೆ ಕಾರಣ ಇದೆ. ಆ ಕಾಲದ ಹಲವು ಕಾರುಗಳ ಮುಂದಿನ ಚಕ್ರದಲ್ಲಿ ಎರಡೂ ಶೂಗಳು ಲೀಡಿಂಗ್ ಶೂಗಳು. ಅಂದ್ರೆ ತಿರುಗೋ ಡ್ರಮ್ಮೇ ಶೂವನ್ನ ತನ್ನ ಕಡೆ ಎಳ್ಕೊಳ್ಳುತ್ತೆ, ನಿಮ್ಮ ಕಾಲಿನ ಬಲಕ್ಕೆ ತನ್ನ ಬಲ ಸೇರಿಸುತ್ತೆ. ಬೂಸ್ಟರ್ ಇಲ್ಲದ ಗಾಡಿಗೆ ಇದು ವರ. ಆದ್ರೆ ಹಿಡಿತ ದೊಡ್ಡದಾದ ಹಾಗೆ ಹಿಡಿತದ ಏರುಪೇರೂ ದೊಡ್ಡದಾಗುತ್ತೆ.

ಇಲ್ಲಿ ನೆನಪಿಟ್ಕೊಳ್ಳಬೇಕಾದ್ದು ಎರಡು ಪಾತ್ರಗಳು. ಒಂದು, ಏರುಪೇರು ಹುಟ್ಟೋ ಜಾಗ. ಎರಡು, ಅದನ್ನ ದೊಡ್ಡದು ಮಾಡೋ ಜಾಗ. ಹಾಡೋನು ಒಬ್ಬ, ಮೈಕ್ ಇನ್ನೊಂದು. ಡ್ರಮ್ಮಿನ ಸಣ್ಣ ಸೊಟ್ಟ ಹಾಡೋನು. ಸವೆದ ಬುಷ್, ಸಡಿಲ ಬೇರಿಂಗ್, ಆಟ ಬಂದ ಸ್ಟೀರಿಂಗ್ ಜಾಯಿಂಟು ಇವೆಲ್ಲ ಮೈಕ್. ಬರೀ ಹಾಡೋನ ಬಾಯಿ ಹೊಲಿದ್ರೆ ಎರಡು ವಾರ ಶಾಂತಿ. ಮೈಕ್ ಆನ್ ಇದ್ರೆ ಮತ್ತೆ ಯಾರೋ ಕೆಮ್ಮಿದ್ದೂ ಊರಿಗೆಲ್ಲ ಕೇಳುತ್ತೆ.

ಹಾಗಾದ್ರೆ ಹುಡುಕೋದು ಹೇಗೆ? ಮೊದಲನೇ ಉಪಕರಣ ನಿಮ್ಮ ಮೈ. ಖಾಲಿ ನೇರ ರಸ್ತೇಲಿ, ಹಿಂದೆ ಯಾರೂ ಇಲ್ಲ ಅಂತ ನೋಡ್ಕೊಂಡು, ಅರವತ್ತರಿಂದ ಮೆಲ್ಲಗೆ ಬ್ರೇಕ್ ಒತ್ತಿ. ಅದುರು ಸ್ಟೀರಿಂಗಿಗೆ ಬಂದ್ರೆ ಮುಂದಿನ ಚಕ್ರದ ಮೇಲೆ ಅನುಮಾನ, ಸೀಟಿಗೂ ನೆಲಕ್ಕೂ ಬಂದ್ರೆ ಹಿಂದಿನದರ ಮೇಲೆ. ಬ್ರೇಕ್ ಒತ್ತದೇ ಇದ್ದಾಗಲೂ ಅದುರಿದ್ರೆ ಬ್ರೇಕಿನ ತಂಟೆಗೇ ಹೋಗಬೇಡಿ, ಮೊದಲು ಟೈರು, ರಿಮ್ಮು, ಬ್ಯಾಲೆನ್ಸಿಂಗ್ ನೋಡಿ.

ಆಮೇಲೆ ಲೆಕ್ಕ. ಅಂಬಾಸಿಡರ್ ಟೈರು ಒಂದು ಸುತ್ತಿಗೆ ಹೆಚ್ಚುಕಮ್ಮಿ 2.1 ಮೀಟರ್ ಹೋಗುತ್ತೆ. ಗಂಟೆಗೆ 60 ಕಿಲೋಮೀಟರ್ ಅಂದ್ರೆ ಸೆಕೆಂಡಿಗೆ 16.7 ಮೀಟರ್, ಅಂದ್ರೆ ಸೆಕೆಂಡಿಗೆ ಎಂಟು ಸುತ್ತು. ಮೂವತ್ತಕ್ಕೆ ಇಳಿದ್ರೆ ನಾಲ್ಕು. ವೇಗ ಇಳಿದ ಹಾಗೆ ಅದುರಿನ ತಾಳವೂ ನಿಧಾನ ಆದ್ರೆ ತಪ್ಪಿತಸ್ಥ ತಿರುಗೋ ವಸ್ತು: ಡ್ರಮ್ಮು, ಹಬ್ಬು, ಚಕ್ರ. ವೇಗ ಇಳಿದ್ರೂ ತಾಳ ಒಂದೇ ಥರ ಇದ್ರೆ ತಪ್ಪಿತಸ್ಥ ತಿರುಗದ ವಸ್ತು: ಸಡಿಲ ಆಕ್ಸಲ್, ಸ್ಪ್ರಿಂಗು, ಶೂ, ಅದನ್ನ ಹಿಡಿದಿರೋ ಹಿಂಬದಿ ತಟ್ಟೆ. ಈ ಒಂದೇ ಪರೀಕ್ಷೆ ಅರ್ಧ ಅನುಮಾನಿತರನ್ನ ಮನೆಗೆ ಕಳಿಸುತ್ತೆ. ಖರ್ಚು ಸೊನ್ನೆ. ನನ್ನ ಗಾಡಿಯಲ್ಲಿ ತಾಳ ವೇಗದ ಜೊತೆಗೇ ಇಳೀತಿತ್ತು.

ಇನ್ನೂ ಹಳೇ ಗಾಡಿಗಳಿಗೆ, 1920-30ರ ದಶಕದವಕ್ಕೆ, ಇದು ಇನ್ನೂ ಮುಖ್ಯ. ಅವುಗಳ ಮುಂದಿನ ಆಕ್ಸಲ್ ಒಂದೇ ಉದ್ದನೆಯ ತೊಲೆ, ಲೀಫ್ ಸ್ಪ್ರಿಂಗಿಗೆ ಯು ಬೋಲ್ಟಲ್ಲಿ ಕಟ್ಟಿರ್ತಾರೆ. ಬ್ರೇಕ್ ಹಾಕಿದ್ರೆ ಚಕ್ರ ಆಕ್ಸಲನ್ನೇ ತಿರುಚೋಕೆ ನೋಡುತ್ತೆ, ಸ್ಪ್ರಿಂಗು ಮುರುಟಿಕೊಳ್ಳುತ್ತೆ, ಮತ್ತೆ ವಾಪಸ್ ಚಿಮ್ಮುತ್ತೆ. ಅದರ ಜೊತೆಗೆ ಚಕ್ರ ನೆಟ್ಟಗೆ ಹೋಗೋಕೆ ಬೇಕಾದ ಕ್ಯಾಸ್ಟರ್ ಕೋನವೂ ಹಾಳಾಗಿ ಸ್ಟೀರಿಂಗು ಕುಣಿಯುತ್ತೆ. ಸಡಿಲ ಯು ಬೋಲ್ಟು, ಸುಸ್ತಾದ ಸ್ಪ್ರಿಂಗು, ಸತ್ತ ಶಾಕ್ ಅಬ್ಸಾರ್ಬರ್ರು, ಸವೆದ ಕಿಂಗ್ ಪಿನ್ನು. ಇಂಥ ಗಾಡಿಯ ಡ್ರಮ್ಮನ್ನ ಹತ್ತು ಸಲ ಟರ್ನಿಂಗ್ ಮಾಡಿಸಿದ್ರೂ ಏನು ಪ್ರಯೋಜನ?

ಎರಡನೇ ಹಂತ, ಗಾಡಿ ಕೆಳಗೆ ಹೋಗೋದು. ಬರೀ ಜಾಕ್ ನಂಬಬೇಡಿ, ಸ್ಟ್ಯಾಂಡ್ ಕೊಡಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ. ಚಕ್ರವನ್ನ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಟ ಇದ್ರೆ ಬೇರಿಂಗೋ ಕಿಂಗ್ ಪಿನ್ನೋ ನೋಡಿ. ಒಬ್ಬರನ್ನ ಬ್ರೇಕ್ ಒತ್ತಿ ಹಿಡಿಯೋಕೆ ಹೇಳಿ ಮತ್ತೆ ಅಲ್ಲಾಡಿಸಿ. ಆಟ ಮಾಯ ಆದ್ರೆ ಬೇರಿಂಗು, ಹಾಗೇ ಇದ್ರೆ ಕಿಂಗ್ ಪಿನ್ನು ಅಥವಾ ಜಾಯಿಂಟು. ಹಿಂಬದಿ ತಟ್ಟೆಯ ಬೋಲ್ಟು ಬಿಗಿ ಇದೆಯಾ? ರಬ್ಬರ್ ಬುಷ್ಷುಗಳು ರಬ್ಬರಾಗಿಯೇ ಉಳಿದಿವೆಯಾ, ಇಲ್ಲ ಒಣಗಿದ ಉಪ್ಪಿನಕಾಯಿ ಹೋಳಾಗಿವೆಯಾ? ಡ್ರಮ್ ತೆಗೆದಾಗ ಲೈನಿಂಗ್ ಮೇಲೆ ಗ್ರೀಸು, ಬ್ರೇಕ್ ಆಯಿಲ್ಲು ಸೋರಿದೆಯಾ? ಒಂದು ಎಚ್ಚರಿಕೆ: ಹಳೇ ಲೈನಿಂಗಲ್ಲಿ ಆಸ್‌ಬೆಸ್ಟಾಸ್ ಇರುತ್ತೆ. ಆ ಧೂಳನ್ನ ಗಾಳಿ ಹೊಡೆದು ಊದಬೇಡಿ, ಒದ್ದೆ ಬಟ್ಟೇಲಿ ಒರೆಸಿ, ಮಾಸ್ಕ್ ಹಾಕ್ಕೊಳ್ಳಿ. ಡ್ರಮ್ಮಿನ ಒಳಗೆ ಸೀಮೆಸುಣ್ಣ ಸವರಿ, ಕೂರಿಸಿ, ಮೆಲ್ಲಗೆ ಬ್ರೇಕ್ ಹಿಡಿದು ಒಂದು ಸುತ್ತು ತಿರುಗಿಸಿ ಬಿಚ್ಚಿದ್ರೆ ಲೈನಿಂಗ್ ಎಲ್ಲಿ ತಾಗ್ತಿದೆ ಅಂತ ಬಿಳಿ ಗುರುತು ಹೇಳುತ್ತೆ. ಬರೀ ಎರಡು ತುದಿಯಲ್ಲಿ ತಾಗ್ತಿದ್ರೆ ಕಚ್ಚಿ ಎಳೆಯುತ್ತೆ. ಅದಕ್ಕೆ ಮದ್ದು ಲೈನಿಂಗನ್ನ ಡ್ರಮ್ಮಿನ ದುಂಡಿಗೆ ಹೊಂದೋ ಹಾಗೆ ಉಜ್ಜೋದು, ಮುಂದಿನ ಅಂಚನ್ನ ಸ್ವಲ್ಪ ಓರೆ ಮಾಡೋದು. ಡ್ರಮ್ ಕೆತ್ತೋದಲ್ಲ.

ಮೂರನೇ ಹಂತಕ್ಕೆ ಡಯಲ್ ಗೇಜ್ ಬೇಕು. ಅಯಸ್ಕಾಂತದ ಸ್ಟ್ಯಾಂಡ್ ಸಮೇತ ಸಾಧಾರಣದ್ದು ಎರಡು ಜನ ಮಾಲ್‌ನಲ್ಲಿ ಊಟ ಮಾಡಿದಷ್ಟು ದುಡ್ಡು. ಡ್ರಮ್ಮನ್ನ ಅದರದೇ ಹಬ್ ಮೇಲೆ ಕೂರಿಸಿ, ನಟ್ಟುಗಳನ್ನ ಎದುರುಬದುರಾಗಿ ಒಂದೇ ಸಮ ಬಿಗಿದು, ಹೊರಗಡೆ ನುಣುಪಾದ ಜಾಗ ಇದ್ರೆ ಅಲ್ಲಿ, ಇಲ್ಲ ಒಳಗಡೆ ಮುಳ್ಳು ತಾಗೋ ಹಾಗೆ ಮಾಡಿ ಒಂದು ಸುತ್ತು ತಿರುಗಿಸಿ. ಸುತ್ತಿಗೆ ಒಂದು ಏರು ಬಂದ್ರೆ ಡ್ರಮ್ಮು ನಡುವಲ್ಲಿ ಕೂತಿಲ್ಲ. ಎರಡು ಏರು ಬಂದ್ರೆ ನಿಜವಾಗಿಯೂ ಮೊಟ್ಟೆಯಾಕಾರ. ಮೊಟ್ಟೆಯಾದ್ರೆ ಟರ್ನಿಂಗ್ ಮಾಡಿಸಿ, ನನ್ನ ಆಕ್ಷೇಪಣೆ ಇಲ್ಲ. ಕಾದ ಡ್ರಮ್ಮಿಗೆ ಹ್ಯಾಂಡ್ ಬ್ರೇಕ್ ಎಳೆದು ನಿಲ್ಲಿಸಿದ್ರೆ, ಟೈರ್ ಅಂಗಡೀಲಿ ಗನ್ ಹಿಡಿದು ಒಂದೇ ಕಡೆಯಿಂದ ನಟ್ ಬಿಗಿದ್ರೆ ಹಾಗಾಗುತ್ತೆ.

ನನ್ನದು ಎಡಗಡೆ ಡ್ರಮ್ಮು ಹಬ್ ಮೇಲೆ 0.35 ಮಿಲಿಮೀಟರ್ ತೋರಿಸಿತು. ಸುತ್ತಿಗೆ ಒಂದೇ ಏರು. ಲೇತಿನ ಮೇಲೆ 0.05, ಹಬ್ಬಿನ ಮೇಲೆ ಅದರ ಏಳು ಪಟ್ಟು! ಬಿಚ್ಚಿ ನೋಡಿದ್ರೆ ಹಬ್ಬಿನ ಅಂಚಲ್ಲಿ, ಡ್ರಮ್ಮು ಬಂದು ನಡುವಿಗೆ ಕೂರಬೇಕಾದ ಜಾಗದಲ್ಲಿ, ಹತ್ತು ವರ್ಷ ಬಣವೆ ಪಕ್ಕ ನಿಂತಾಗ ಬೆಳೆದ ತುಕ್ಕಿನ ಹಕ್ಕಳೆ. ಮೂರು ಸಲವೂ ಡ್ರಮ್ಮನ್ನ ಬಿಡಿಯಾಗಿ ಲೇತಿಗೆ ಕಟ್ಟಿ ದುಂಡಗೆ ಕೆತ್ತಿ, ತಂದು ಅದೇ ಸೊಟ್ಟ ಪೀಠದ ಮೇಲೆ ಕೂರಿಸಿದ್ರು. ಪ್ರತಿ ಸಲ ಬಿಚ್ಚಿ ಹಾಕುವಾಗ ಅದು ಬೇರೆ ಬೇರೆ ಥರ ಕೂತಿರ್ತಿತ್ತು, ಹೊಸ ಲೈನಿಂಗ್ ಪೂರ್ತಿ ಕೂರೋ ತನಕ ಅದುರು ಮುಚ್ಚಿರ್ತಿತ್ತು. ಅದೇ ಆ ಎರಡು ವಾರದ ಬೆಣ್ಣೆಯ ಗುಟ್ಟು.

ಉಜ್ಜುಕಾಗದ, ತಂತಿ ಬ್ರಷ್ಷು, ಒಂದು ಮಧ್ಯಾಹ್ನ. 0.35 ಇದ್ದದ್ದು 0.08ಕ್ಕೆ ಇಳೀತು. ಓಡಿಸಿದೆ. ಅದುರು ಮುಕ್ಕಾಲು ಪಾಲು ಹೋಗಿತ್ತು, ಪೂರ್ತಿ ಅಲ್ಲ. ಆಗ ಮೈಕ್ ಹುಡುಕಿದೆ. ಕೆಳಗಿನ ತೋಳು ಹಿಂದೆ ಮುಂದೆ ಅಲ್ಲಾಡದ ಹಾಗೆ ಹಿಡಿಯೋ ರಾಡಿನ ರಬ್ಬರ್ ಬುಷ್ಷು ಬೆರಳಲ್ಲಿ ಒತ್ತಿದ್ರೆ ಪುಡಿ ಪುಡಿ. ಜೆ.ಸಿ. ರಸ್ತೆಯಲ್ಲಿ ಹುಡುಕಿ ತಂದ ಎರಡು ರಬ್ಬರ್ ಉಂಗುರದಲ್ಲಿ ಕಥೆ ಮುಗೀತು. ಒಟ್ಟು ಖರ್ಚು, ಮೂರು ಟರ್ನಿಂಗಲ್ಲಿ ಒಂದರ ಅರ್ಧವೂ ಇಲ್ಲ. ಗಮನಿಸಿ, ಎರಡನ್ನೂ ಒಟ್ಟಿಗೆ ಮಾಡಲಿಲ್ಲ. ಒಂದು ಮಾಡಿ, ಓಡಿಸಿ, ಬರೆದಿಟ್ಟು, ಆಮೇಲೆ ಇನ್ನೊಂದು. ಒಟ್ಟಿಗೆ ಮಾಡಿದ್ರೆ ಯಾವುದರಿಂದ ಗುಣ ಆಯ್ತು ಅಂತ ಸಾಯೋ ತನಕ ಗೊತ್ತಾಗಲ್ಲ.

ಇಷ್ಟು ಹೇಳಿದ್ರೆ ಬರೋ ವಾದಗಳು ಗೊತ್ತು. ಮೊದಲನೇದು: “ಹಳೇ ಗಾಡಿ ಅಂದ್ರೆ ಹಂಗೇ ಗುರು, ಅಡ್ಜಸ್ಟ್ ಮಾಡ್ಕೋಬೇಕು.” ಇಲ್ಲ ಸ್ವಾಮಿ. 1969ರಲ್ಲಿ ಈ ಕಾರು ಕಾರ್ಖಾನೆಯಿಂದ ಅದುರಿಕೊಂಡು ಬಂದಿರಲಿಲ್ಲ. ನಮ್ಮೂರ ಯಜಮಾನರು ಇದರಲ್ಲೇ ತುಂಬಿದ ಬಸುರಿಯರನ್ನ ಮಣ್ಣು ರಸ್ತೇಲಿ ಕರ್ಕೊಂಡು ಹೋಗ್ತಿದ್ರು. ಹಳೇದು ಅಂದ್ರೆ ನಿಧಾನಕ್ಕೆ ನಿಲ್ಲುತ್ತೆ ಅನ್ನಿ, ಜಾಸ್ತಿ ಒತ್ತಬೇಕು ಅನ್ನಿ, ಒಪ್ತೀನಿ. ಅದುರೋದು ವಯಸ್ಸಲ್ಲ, ರೋಗ. ವಯಸ್ಸಾದವರು ಎದೆನೋವು ಅಂದ್ರೆ ವಯಸ್ಸಾಯ್ತಲ್ಲ ಅಂತ ಮಲಗಿಸಿ ಬರ್ತೀರಾ?

ಎರಡನೇದು: “ಡಿಸ್ಕ್ ಬ್ರೇಕ್ ಹಾಕ್ಸಿಬಿಡು, ತಲೆನೋವೇ ಇಲ್ಲ.” ಡಿಸ್ಕೂ ಅದುರುತ್ತೆ. ಅದೇ ತುಕ್ಕು ಹಿಡಿದ ಹಬ್ಬಿನ ಮೇಲೆ ಡಿಸ್ಕ್ ಕೂರಿಸಿದ್ರೆ ಅದೂ ಓಲಾಡುತ್ತೆ. ಓಲಾಡ್ತಾ ಓಲಾಡ್ತಾ ಒಂದು ಕಡೆ ಸವೆದು ದಪ್ಪ ಹೆಚ್ಚುಕಮ್ಮಿ ಆಗುತ್ತೆ, ಆಗ ಪೆಡಲ್ಲೇ ಕುಣಿಯುತ್ತೆ. ಅದೇ ಸತ್ತ ಬುಷ್ಷು ಅದನ್ನೂ ಊರಿಗೆಲ್ಲ ಸಾರುತ್ತೆ. ಡಿಸ್ಕ್ ಬೇಕಾದ್ರೆ ಹಾಕ್ಸಿ, ಅದಕ್ಕೆ ಬೇರೆ ಕಾರಣ ಇರಲಿ. ಹುಡುಕೋಕೆ ಸೋಮಾರಿತನ ಕಾರಣ ಆಗಬಾರದು.

ಮೂರನೇದು ಸ್ವಲ್ಪ ಗಟ್ಟಿ ವಾದ: “ಎಲ್ಲರಿಗೂ ಗೇಜ್ ಹಿಡಿದು ಕೂರೋ ಪುರುಸೊತ್ತು ಎಲ್ಲಿದೆ? ಅದಕ್ಕೇ ಅಲ್ವಾ ಮೆಕ್ಯಾನಿಕ್ ಇರೋದು?” ಸರಿ. ಒಪ್ಪಿದೆ. ಆದ್ರೆ ಮೆಕ್ಯಾನಿಕ್ಕಿಗೆ ನೀವು ಯಾವುದಕ್ಕೆ ದುಡ್ಡು ಕೊಡ್ತೀರಿ? ಇಲ್ಲಿಗೇ ನಾನು ಬರಬೇಕಾಗಿದ್ದು.

ನಾನು ಮೊದಲಿಗೆ ಆ ಮೂರು ಗ್ಯಾರೇಜಿನವರನ್ನ ಮನಸಾರೆ ಬೈದೆ. ಆಮೇಲೆ ನನ್ನ ಹಳೇ ಬಿಲ್ಲುಗಳನ್ನ ತೆಗೆದು ನೋಡಿದೆ. ಟರ್ನಿಂಗ್ ಚಾರ್ಜು, ಲೈನಿಂಗು, ಸಿಲಿಂಡರು, ಆಯಿಲ್ಲು, ಲೇಬರ್ರು. “ಪರೀಕ್ಷೆ ಮಾಡಿದ್ದಕ್ಕೆ” ಅನ್ನೋ ಸಾಲು ಒಂದರಲ್ಲೂ ಇಲ್ಲ. ಇದ್ದಿದ್ರೆ ನಾನು ಕೊಡ್ತಿದ್ನಾ? ಪ್ರಾಮಾಣಿಕವಾಗಿ ಹೇಳಬೇಕಂದ್ರೆ, “ನೋಡೋದಕ್ಕೂ ದುಡ್ಡಾ?” ಅಂತ ಜಗಳ ತೆಗೀತಿದ್ದೆ. ಎರಡು ಗಂಟೆ ಕೂತು ಅಳೆದು, ಹತ್ತು ನಿಮಿಷ ತುಕ್ಕು ಉಜ್ಜಿ ಗುಣ ಮಾಡೋ ಮೆಕ್ಯಾನಿಕ್ಕಿಗೆ ಇನ್ನೂರು ರೂಪಾಯಿ ಕೊಟ್ಟು ಅದರಲ್ಲೂ ಚೌಕಾಸಿ ಮಾಡ್ತೀವಿ. ಅಳೀದೇ ಡ್ರಮ್ ಕೆತ್ತಿಸಿ ಹೊಸ ಪಾರ್ಟ್ ಹಾಕಿದವನಿಗೆ ಸಾವಿರಗಟ್ಟಲೆ ಕೊಟ್ಟು ಥ್ಯಾಂಕ್ಸ್ ಅಂತೀವಿ. ಹೀಗಿದ್ರೆ ಯಾವ ಬುದ್ಧಿವಂತ ಗೇಜ್ ಕೈಗೆ ತಗೋತಾನೆ? ವೈದ್ಯ ಹೇಳಿದ್ದೂ ಹಾಲು ಅನ್ನ, ರೋಗಿ ಬಯಸಿದ್ದೂ ಹಾಲು ಅನ್ನ. ಟರ್ನಿಂಗ್ ಅವನಿಗೂ ಸುಲಭ, ನನಗೂ ಸುಲಭ. ಏನೋ ಮಾಡಿಸಿದೆ ಅನ್ನೋ ಸಮಾಧಾನ ಇಬ್ಬರಿಗೂ.

ಈಗ ನಮ್ಮ ಕಸುಬಿಗೆ ಬನ್ನಿ. ಆಫೀಸಲ್ಲಿ ಒಂದು ಬಗ್ ಬಂದ್ರೆ ನಾವು ಏನು ಮಾಡ್ತೀವಿ? ಮೂರು ದಿನ ಲಾಗ್ ನೋಡ್ತೀವಿ, ಕಾಲ್ ಮೇಲೆ ಕಾಲ್ ಮಾಡ್ತೀವಿ, ಕೊನೆಗೆ ಒಂದು ಸಾಲು ಕೋಡ್ ಬದಲಾಯಿಸ್ತೀವಿ. ಕ್ಲೈಂಟಿಗೆ ಒಂದು ಸಾಲಿನ ಬಿಲ್ ಕಳಿಸ್ತೀವಾ? ಮೂರು ದಿನದ್ದು ಕಳಿಸ್ತೀವಿ. ಅದಕ್ಕೆ ಅನಾಲಿಸಿಸ್ ಅಂತ ದೊಡ್ಡ ಹೆಸರು. ಮೂಲ ಕಾರಣ ಹುಡುಕದೆ ರೀಸ್ಟಾರ್ಟ್ ಮಾಡಿ ಕೈತೊಳ್ಕೊಂಡ ಜೂನಿಯರನ್ನ ಮೀಟಿಂಗಲ್ಲಿ ನಿಲ್ಲಿಸಿ ಪಾಠ ಮಾಡ್ತೀವಿ. ಅದೇ ನಾವು ಸಂಜೆ ಗ್ಯಾರೇಜಿಗೆ ಹೋಗಿ, ಕೈಗೆ ಗ್ರೀಸ್ ಅಂಟಿದೋನು “ಸ್ವಲ್ಪ ನೋಡಬೇಕು ಸಾರ್, ನಾಳೆ ಹೇಳ್ತೀನಿ” ಅಂದ್ರೆ, ಇವನಿಗೆ ಕೆಲಸ ಬರಲ್ಲ ಅಂತ ಬೇರೆ ಗ್ಯಾರೇಜಿಗೆ ಹೋಗ್ತೀವಿ. ಎ.ಸಿ. ರೂಮಲ್ಲಿ ಕೂತು ಮಾಡಿದ್ರೆ ಯೋಚನೆಗೆ ಬೆಲೆ, ಗಾಡಿ ಕೆಳಗೆ ಮಲಗಿ ಮಾಡಿದ್ರೆ ಪುಕ್ಕಟೆ. ಇದು ಬರೀ ಜಿಪುಣತನ ಅಲ್ಲ, ಇನ್ನೂ ಕೆಟ್ಟದ್ದು. ಹಳ್ಳಿಯಿಂದ ಬಂದ ನನಗಾದ್ರೂ ಗೊತ್ತಿರಬೇಕಿತ್ತು. ನಮ್ಮಪ್ಪ ಎತ್ತಿನ ಗಾಡಿ ಕಟ್ಟೋ ಮೊದಲು ಚಕ್ರ ಅಲ್ಲಾಡಿಸಿ, ಕಡಾಣಿ ಮುಟ್ಟಿ ನೋಡದೆ ನೊಗ ಎತ್ತಿದ್ದೇ ಇಲ್ಲ.

ಹಳೇ ಕಾರು ಈಗ ಫ್ಯಾಷನ್ ಆಗಿದೆ. ಬಹಳ ಒಳ್ಳೇದು. 2021ರಲ್ಲಿ ಕೇಂದ್ರ ಸರ್ಕಾರ ನಿಯಮವನ್ನೂ ತಂದಿದೆ. ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿದ, ಮೂಲರೂಪದಲ್ಲಿರೋ ಗಾಡಿಗೆ ವಿಂಟೇಜ್ ನೋಂದಣಿ, ಹೊಸದಾಗಿ ಮಾಡಿಸೋಕೆ 20,000 ರೂಪಾಯಿ, ನಂಬರಿನಲ್ಲಿ ವಿಎ ಅನ್ನೋ ಅಕ್ಷರ. ಆ ಪ್ಲೇಟಿಗೆ ಇಪ್ಪತ್ತು ಸಾವಿರ ಕೊಡೋಕೆ ನಾವು ರೆಡಿ. ಕ್ರೋಮ್ ಬಂಪರಿಗೆ, ಹಳೇ ಹಾರ್ನಿಗೆ, ಬಿಳಿ ಪಟ್ಟೆ ಟೈರಿಗೆ, ಫೋಟೋ ತೆಗೆಯೋನಿಗೆ ಕೊಡೋಕೆ ರೆಡಿ. ಬ್ರೇಕ್ ಅಳೆಯೋಕೆ ಐನೂರು ಕೊಡು ಅಂದ್ರೆ ಮುಖ ಸೊಟ್ಟ. ರ್‍ಯಾಲಿಯಲ್ಲಿ ಸಾಲಾಗಿ ನಿಂತ ಗಾಡಿಗಳ ಬಣ್ಣ ನೋಡಿ ಬಹುಮಾನ ಕೊಡ್ತಾರೆ. ನನ್ನ ಗಾಡಿಯೂ ಆ ಸಾಲಿನಲ್ಲಿ ನಿಂತಿತ್ತು, ನಂದಿಗೆ ಹೋಗೋ ಹದಿನೈದು ದಿನ ಮುಂಚೆ. ಬಾನೆಟ್ಟಲ್ಲಿ ಮುಖ ಕಾಣೋ ಹಾಗೆ ಪಾಲಿಶ್ ಮಾಡಿಸಿದ್ದೆ. ಒಳಗೆ ಹಬ್ಬಿನ ಮೇಲೆ ತುಕ್ಕಿನ ಹಕ್ಕಳೆ ಹಾಗೇ ಇತ್ತು.

ಆದ್ದರಿಂದ ನನ್ನ ಬೇಡಿಕೆ ಸಣ್ಣದು. ಮುಂದಿನ ಸಲ ಗಾಡಿ ಅದುರಿದ್ರೆ ಗ್ಯಾರೇಜಲ್ಲಿ ಮೊದಲ ಮಾತು “ಸರಿ ಮಾಡಿ” ಅಂತ ಇರದೆ “ನೋಡಿ ಹೇಳಿ, ನೋಡಿದ್ದಕ್ಕೆ ಇಷ್ಟು ಕೊಡ್ತೀನಿ” ಅಂತ ಇರಲಿ. ಏನು ಅಳೆದ್ರಿ, ಎಷ್ಟು ಬಂತು ಅಂತ ಕೇಳಿ ಬರೆಸ್ಕೊಳ್ಳಿ. ಅಳತೆ ಹೇಳದೆ ಡ್ರಮ್ಮು ಲೇತಿಗೆ ಕಳಿಸೋಕೆ ಬಿಡಬೇಡಿ. ಹಬ್ಬನ್ನೂ ಜೊತೆಗೆ ಕಳಿಸಿ. ಗೊತ್ತಿಲ್ಲ, ನೋಡಬೇಕು ಅನ್ನೋ ಮೆಕ್ಯಾನಿಕ್ಕನ್ನ ಬಿಟ್ಟು ಓಡಬೇಡಿ, ಅವನೇ ನಿಮಗೆ ಬೇಕಾದೋನು.

ಗಾಡಿ ಸರಿಹೋದ ಮೇಲೆ ಆ ಲೇತ್ ಶೆಡ್ಡಿಗೆ ಮತ್ತೆ ಹೋದೆ. ಒಂದು ಟರ್ನಿಂಗಿಗೆ ಕೊಡೋ ಅಷ್ಟೇ ದುಡ್ಡು ಅವರ ಮೇಜಿನ ಮೇಲಿಟ್ಟೆ. “ಯಾತಕ್ಕೆ ಸಾರ್?” ಅಂದ್ರು. “ನೋಡಿದ್ದಕ್ಕೆ” ಅಂದೆ. ಮುಟ್ಟಲಿಲ್ಲ. ನಾನೂ ವಾಪಸ್ ತಗೊಳ್ಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಬಿಲ್ ಪುಸ್ತಕ ತೆಗೆದು ಪೆನ್ನು ಹಿಡಿದ್ರು, ಏನಂತ ಬರೆಯೋದು ಅಂತ ಗೊತ್ತಾಗದೆ ನನ್ನ ಮುಖ ನೋಡಿದ್ರು. “ಅಳತೆ ನೋಡಿದ್ದು ಅಂತ ಬರೀರಿ” ಅಂದೆ. ಬರೆದ್ರು. ಆ ಬಿಲ್ಲು ಈಗ ಗಾಡಿಯ ಆರ್‌ಸಿ ಜೊತೆಗೇ ಇದೆ.

ಹೋದ ತಿಂಗಳು ಮತ್ತೆ ನಂದಿಗೆ ಹೋದ್ವಿ. ಇಳಿಯುವಾಗ ಎರಡನೇ ಗೇರಿಗೆ ಹಾಕಿದೆ, ಅದೂ ಆವತ್ತು ಮಾಡದೇ ಇದ್ದ ಕೆಲಸ. ಅದೇ ತಿರುವು ಬಂತು. ಬ್ರೇಕ್ ಒತ್ತಿದೆ. ಸ್ಟೀರಿಂಗು ಸುಮ್ಮನಿತ್ತು. ಅಪ್ಪ ನನ್ನ ಕಾಲಿನ ಕಡೆ ನೋಡ್ತಾ ಇದ್ರು.